ಆರು ಸೀರೆಯ ತಾರಸಿ

ಮೆಟ್ರೋ ರೈಲು ಸೌತ್ ಎಂಡ್ ಬಿಟ್ಟು ಜಯನಗರ ನಿಲ್ದಾಣ ತಲುಪುವ ಮೊದಲು ಸ್ವಲ್ಪ ನಿಧಾನವಾಗುತ್ತದೆ. ಆಗ ಬಲಗಡೆಯ ಬಾಗಿಲ ಬಳಿ ನಿಂತವರಿಗೆ ಯಡಿಯೂರಿನ ತಾರಸಿಗಳು ಕಾಣುತ್ತವೆ. ಕಪ್ಪು ನೀರಿನ ಟ್ಯಾಂಕುಗಳು, ಒಣಹಾಕಿದ ಬೆಡ್‌ಶೀಟುಗಳು, ತುಳಸಿ ಕುಂಡಗಳು, ಈಚೆಗೆ ಎಲ್ಲ ಕಡೆಯೂ ಓರೆಯಾಗಿ ಮಲಗಿರುವ ಸೋಲಾರ್ ಪ್ಯಾನೆಲ್‌ಗಳು. ಸೀಟು ಖಾಲಿಯಿದ್ದರೂ ನಾನು ಅಲ್ಲಿ ನಿಂತೇ ಇರುತ್ತೇನೆ. ಕಳೆದ ವಾರ ಹಾಗೆ ನಿಂತಿದ್ದಾಗ ಒಂದು ಮನೆಯ ಮೇಲೆ ಹಳೆಯ ಹಸಿರು ಸೀರೆ ಹರಡಿದ್ದು ಕಂಡಿತು. ಅದರ ತುಂಬ ಬಿಳಿಯ ಚುಕ್ಕೆಗಳು. ಎ.ಸಿ. ಬೋಗಿಯೊಳಗೆ ಹೊರಗಿನ ಯಾವ ವಾಸನೆಯೂ ಬರುವುದಿಲ್ಲ. ಆದರೂ ನನ್ನ ಮೂಗಿಗೆ ಇಂಗು, ಜೀರಿಗೆ, ಬೆಂದ ಅಕ್ಕಿಹಿಟ್ಟಿನ ಬಿಸಿ ಹಬೆ ಬಂತು.

ಆ ಮನೆಯ ತಾರಸಿಯ ಮೇಲಿನ ಕೋಣೆಯಲ್ಲಿ ನಾನು ಕೆಲಕಾಲ ಇದ್ದೆ. ಒಂದು ಬೇಸಿಗೆಯಿಂದ ಮರುಬೇಸಿಗೆಯವರೆಗಿನ ಆ ವರ್ಷವನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಹೇಳಬಾರದ್ದೇನೂ ಅದರಲ್ಲಿಲ್ಲ. ಯಾರೂ ಕೇಳಿರಲಿಲ್ಲ, ಅಷ್ಟೆ.

ಕೋಣೆ ಎಂದರೆ ಮೂರು ಗೋಡೆ ಇಟ್ಟಿಗೆಯದು, ಒಂದು ಗೋಡೆ ಮೆಟ್ಟಿಲ ಮನೆಯದು, ಮೇಲೆ ತಗಡಿನ ಶೀಟು. ಮಂಚ, ಮೇಜು, ಒಂದು ಕಿಟಕಿ. ಮನೆಯ ಒಡತಿ ಗೌರಮ್ಮ ಆಂಟಿ. ಅವರದು ಹಳೆಯ ಯಡಿಯೂರಿನ ಕುಟುಂಬ. ಕೆರೆಯ ಸುತ್ತ ಊರು ಇನ್ನೂ ಊರಾಗಿದ್ದಾಗ ಸೊಸೆಯಾಗಿ ಬಂದವರು. ಅವರ ಮಗ ಮಂಜಣ್ಣನಿಗೆ ಬನಶಂಕರಿಯಲ್ಲಿ ಹಾರ್ಡ್‌ವೇರ್ ಅಂಗಡಿ. ಸೊಸೆ ಶೈಲಕ್ಕ ಶಾಲೆಯಲ್ಲಿ ಟೀಚರ್. ಎಲೆಕ್ಟ್ರಿಕ್ ಸ್ಕೂಟರಿನಲ್ಲಿ ಓಡಾಡುತ್ತಿದ್ದರು. ಅದನ್ನು ಚಾರ್ಜ್ ಮಾಡಲು ಅಡುಗೆಮನೆಯ ಕಿಟಕಿಯಿಂದ ವೈರು ಇಳಿದು, ಪಾರಿಜಾತದ ಗಿಡದ ಕೊಂಬೆಯ ಮೇಲೆ ಹಾದು, ಗೇಟಿನ ಹತ್ತಿರ ಬರುತ್ತಿತ್ತು. ಬೆಳಿಗ್ಗೆ ಸ್ಕೂಟರಿನ ಸೀಟಿನ ಮೇಲೆ ಹೂ ಬಿದ್ದಿರುತ್ತಿದ್ದವು.

ಕಾನೂನು ಪದವಿ ಮುಗಿಸಿದ್ದ ನಾನು ಒಂದು ಸಣ್ಣ ಸಂಶೋಧನಾ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದ್ದೆ. ರಾಜ್ಯಕ್ಕೆ ಹೊಸದೊಂದು ಶಾಸನ ಬೇಕೆಂಬ ಮಾತು ನಡೆದಿತ್ತು, ಅದರ ಕರಡನ್ನು ನಮ್ಮವರು ಬರೆಯುತ್ತಿದ್ದರು. ವಿಷಯ ಸ್ವಚ್ಛ ವಿದ್ಯುತ್ತು ಮತ್ತು ಸಂಚಾರ. ಖಾಲಿ ತಾರಸಿಯಿರುವ ಮನೆಗಳ ಮೇಲೆ ಸೋಲಾರ್ ಕಡ್ಡಾಯ. ಮಿಕ್ಕ ವಿದ್ಯುತ್ತನ್ನು ವಿದ್ಯುತ್ ಕಂಪನಿ ಕೊಳ್ಳಬೇಕು. ಹೊಸ ಕಟ್ಟಡಗಳಲ್ಲಿ ವಾಹನ ಚಾರ್ಜ್ ಮಾಡಲು ಜಾಗ ಬಿಡಬೇಕು. ನನಗೆ ಆ ಕರಡಿನ ಮೇಲೆ ಪ್ರೀತಿಯಿತ್ತು. ಚಿತ್ರದುರ್ಗದ ಕಡೆಯ ನಮ್ಮೂರಿನಲ್ಲಿ ಎಸ್ಸೆಸ್ಸೆಲ್ಸಿಯನ್ನು ನಾನು ಕರೆಂಟಿನ ಸಮಯ ನೋಡಿಕೊಂಡು ಓದಿದವಳು. ಮನೆಯ ಮೇಲೆ ಬಿದ್ದ ಬಿಸಿಲು ಮನೆಯೊಳಗೆ ದೀಪವಾಗಬೇಕು ಎಂಬುದು ನನಗೆ ಬರೀ ಕಲಂ ಆಗಿರಲಿಲ್ಲ.

ಶಿವರಾತ್ರಿ ಕಳೆದು ಬಿಸಿಲು ಗಟ್ಟಿಯಾದಾಗ ಸಂಡಿಗೆ ಶುರುವಾಯಿತು. ಒಂದು ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಬಾಗಿಲು ತೆರೆದರೆ ತಾರಸಿಯ ತುಂಬ ಒದ್ದೆ ಸೀರೆಗಳು. ನಾಲ್ಕೂ ಮೂಲೆಗೆ ಇಟ್ಟಿಗೆ ಇಟ್ಟು ಎಳೆದು ಹಾಸಿದ್ದರು. ಗೌರಮ್ಮ ಆಂಟಿ ಚಿಕ್ಕ ಮಣೆಯ ಮೇಲೆ ಕೂತು ಪಾತ್ರೆಯಿಂದ ಹಿಟ್ಟನ್ನು ಚಮಚದಲ್ಲಿ ತೆಗೆದು, ಒಂದೇ ಅಳತೆಯಲ್ಲಿ, ಸಾಲಾಗಿ ಬಿಡುತ್ತಿದ್ದರು. ಬೀದಿಯ ಇಬ್ಬರು ಹೆಂಗಸರು ಅವರ ಜೊತೆಗಿದ್ದರು. ಆ ಬೀದಿಯಲ್ಲಿ ಅವರ ತಾರಸಿಯೊಂದಕ್ಕೇ ದಿನವಿಡೀ ಬಿಸಿಲು. ಅಕ್ಕಪಕ್ಕದ ಮನೆಗಳೆಲ್ಲ ನಾಲ್ಕೈದು ಅಂತಸ್ತಿನ ಕಟ್ಟಡಗಳ ಹಿಂದೆ ಅಡಗಿದ್ದವು. ಹಾಗಾಗಿ ಬೀದಿಯ ಸಂಡಿಗೆಯೆಲ್ಲ ಸರದಿಯಲ್ಲಿ ಇಲ್ಲಿಗೇ ಬರುತ್ತಿತ್ತು.

"ಏನಮ್ಮ, ಭಾನುವಾರ ಏನ್ ಕೆಲ್ಸ ನಿಂಗೆ?" ಎಂದರು ತಲೆಯೆತ್ತದೆ.

"ಓದೋದಿದೆ ಆಂಟಿ."

"ಇಲ್ಲೇ ಕೂತ್ಕೊಂಡು ಓದು. ಕಾಗೆ ಬರ್ದೇ ಇರೋ ಹಾಗೆ ನೋಡ್ಕೋ. ಕಾಗೆ ಜೊತೆ ನೀನು ಮಾತಾಡ್ಬೇಕಾಗಿಲ್ಲ, ಸುಮ್ನೆ ಇದ್ರೆ ಸಾಕು. ಅದು ನಿಂಗೆ ಚೆನ್ನಾಗಿ ಬರುತ್ತೆ."

ಹೆಂಗಸರು ನಕ್ಕರು. ನನಗೆ ಒಂದು ಕಪ್ಪು ಛತ್ರಿ ಸಿಕ್ಕಿತು. ಅದನ್ನು ಆಗಾಗ ಬಿಚ್ಚಿ ಮುಚ್ಚಿದರೆ ಕಾಗೆಗಳು ಹತ್ತಿರ ಸುಳಿಯುವುದಿಲ್ಲ ಎಂದು ಹೇಳಿಕೊಟ್ಟರು. ಆ ಬೇಸಿಗೆಯ ಭಾನುವಾರಗಳೆಲ್ಲ ಹೀಗೆಯೇ ಕಳೆದವು. ಕೋಣೆಯ ನೆರಳಿನಲ್ಲಿ ಕೂತು ನಾನು ಕರಡಿನ ಕಲಮುಗಳನ್ನು ತಿದ್ದುತ್ತಿದ್ದೆ, ನಡುನಡುವೆ ಛತ್ರಿ ಬಿಚ್ಚುತ್ತಿದ್ದೆ. ಸಂಜೆ ಸೀರೆಯನ್ನು ತಿರುವಿಹಾಕಿ, ಹಿಂಬದಿಗೆ ನೀರು ಚಿಮುಕಿಸಿ, ಒಂದೊಂದನ್ನೇ ಬಿಡಿಸುವಾಗ ಆಂಟಿ ನನಗೂ ಒಂದು ಅಂಚು ಕೊಡುತ್ತಿದ್ದರು. ಪೂರ್ತಿ ಒಣಗದ ಸಂಡಿಗೆಯನ್ನು ಬಾಯಿಗೆ ಹಾಕಿಕೊಂಡರೆ ನಿಂಬೆಹುಳಿ, ಹಸಿಮೆಣಸು. ಅಂಗಡಿಯ ಸಂಡಿಗೆಯ ಮಾತು ಬಂದರೆ ಅವರು ಮುಖ ತಿರುಗಿಸುತ್ತಿದ್ದರು. "ಅದು ಸಂಡಿಗೆ ಅಲ್ಲ ಕಣಮ್ಮ, ಪ್ಲಾಸ್ಟಿಕ್ಕು. ಅದನ್ನ ತಂದ್ ಹಾಕೋ ಬದ್ಲು ಬರೀ ಅನ್ನ ಹಾಕಿದ್ರೂ ಮರ್ಯಾದೆ."

ತಾರಸಿಯನ್ನು ಅವರು ಅಡಿಗಳಲ್ಲಿ ಅಳೆಯುತ್ತಿರಲಿಲ್ಲ. ಅದು ಆರು ಸೀರೆಯ ತಾರಸಿ. ನನ್ನ ಕೋಣೆ ಬರುವ ಮೊದಲು ಎಂಟು ಸೀರೆಯದಾಗಿತ್ತಂತೆ.

ಕರಡಿನ ಮೊದಲ ಪುಟಗಳಲ್ಲಿ ಪದಗಳ ವಿವರಣೆ ಇರುತ್ತದೆ. ಅಲ್ಲಿ ಖಾಲಿ ತಾರಸಿ ಎಂದರೇನು ಎಂದೂ ಬರೆದಿತ್ತು: ಯಾವ ಕಟ್ಟಡವೂ ಇಲ್ಲದ ತಾರಸಿಯ ಭಾಗವೆಲ್ಲ ಖಾಲಿ. ಆ ಸಾಲನ್ನು ನಾನು ಛತ್ರಿ ಹಿಡಿದುಕೊಂಡೇ ಹಲವು ಸಲ ಓದಿದ್ದೆ. ಕಾನೂನಿನ ಸಾಲು ಹೇಗಿರಬೇಕೋ ಹಾಗಿತ್ತು, ಚಿಕ್ಕದು, ಸ್ಪಷ್ಟ. ಎದುರಿಗೆ ಆರು ಸೀರೆ ತುಂಬ ಸಂಡಿಗೆ ಒಣಗುತ್ತಿತ್ತು. ಎರಡನ್ನೂ ಒಟ್ಟಿಗೆ ನೋಡುವುದು ನನಗೆ ಹೊಳೆದಿರಲಿಲ್ಲ.

ಯುಗಾದಿಯ ನಂತರ ಕರಡು ಸಾರ್ವಜನಿಕರ ಮುಂದೆ ಬಂತು. ಶೈಲಕ್ಕನ ಫೋನಿಗೂ ಬಂತು. ಅವರು ಊಟದ ಹೊತ್ತಿನಲ್ಲಿ ಅದನ್ನು ಗಟ್ಟಿಯಾಗಿ ಓದಿದರು. ಬಾಡಿಗೆಯ ಜೊತೆ ಭಾನುವಾರದ ಊಟವೂ ಸೇರಿದ್ದರಿಂದ ನಾನೂ ಅಲ್ಲೇ ಕೂತಿದ್ದೆ.

"ನೋಡಿ ಅತ್ತೆ, ತಾರಸಿ ಖಾಲಿ ಇದ್ರೆ ಸೋಲಾರ್ ಹಾಕ್ಲೇಬೇಕಂತೆ. ಒಳ್ಳೇದೇ ಅಲ್ವಾ, ನನ್ ಸ್ಕೂಟರ್ ಬಿಟ್ಟಿ ಓಡುತ್ತೆ."

"ನಮ್ದು ಖಾಲಿ ಇಲ್ವಲ್ಲ," ಎಂದರು ಆಂಟಿ.

"ಕಟ್ಟಡ ಇಲ್ದಿದ್ರೆ ಖಾಲಿನೇ ಅಂತ ಬರ್ದಿದೆ ಅಮ್ಮ," ಎಂದರು ಮಂಜಣ್ಣ.

ಆಂಟಿ ಅನ್ನ ಬಡಿಸುವುದನ್ನು ನಿಲ್ಲಿಸಿದರು. ಅವರು ನೋಡಿದ್ದು ನನ್ನ ಕಡೆಗೆ. "ನಿಮ್ಮ ಆಫೀಸಿಂದಾ ಇದು?"

ಆಫೀಸಿನ ವಿಷಯವನ್ನು ಹೊರಗೆ ಮಾತಾಡಬಾರದೆಂದು ನಮಗೆ ನಿಯಮವಿತ್ತು. "ಹೇಳೋ ಹಾಗಿಲ್ಲ ಆಂಟಿ," ಎಂದೆ.

"ಹೇಳ್ಬೇಡ ಬಿಡು," ಎಂದು ನನ್ನ ತಟ್ಟೆಗೆ ತುಪ್ಪ ಹಾಕಿದರು.

ಆ ಸಂಜೆ ಸಂಡಿಗೆ ಬಿಡಿಸುವಾಗ ಅವರು ತಮ್ಮ ಮಾವನವರ ಮಾತು ತೆಗೆದರು. ಬನಶಂಕರಿಯ ಕಡೆ ಅವರಿಗೆ ರಾಗಿ ಹೊಲವಿತ್ತಂತೆ. ಬಡಾವಣೆಗೆ ಜಮೀನು ಬೇಕೆಂದು ಅಳತೆಯವರು ಬಂದದ್ದು ಕೊಯ್ಲು ಮುಗಿದ ಮೇಲೆ, ಬೇಸಿಗೆಯಲ್ಲಿ. "ನೆಲ ಬರೀ ನೆಲ. ಬೆಳೆ ಇಲ್ಲ. ಏನೂ ಇಲ್ಲ ಅಂತ ಬರ್ಕೊಂಡ್ರಂತೆ. ಮಾವನೋರು ಸಾಯೋ ತನ್ಕ ಅದನ್ನೇ ಹೇಳೋರು, ಎರಡು ತಿಂಗಳು ತಡೆದು ಬಂದಿದ್ರೆ ಪೈರು ನೋಡ್ತಿದ್ರು ಅಂತ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಕೈ ಒಂದೊಂದೇ ಸಂಡಿಗೆ ಬಿಡಿಸುತ್ತಿತ್ತು. "ಬಡಾವಣೆ ಬೇಡ ಅಂತಲ್ಲಮ್ಮ. ಬೇಕಿತ್ತು. ನೀವೆಲ್ಲ ಎಲ್ಲಿರ್ತಿದ್ರಿ ಇಲ್ದಿದ್ರೆ? ಆದ್ರೆ ಏನೂ ಇಲ್ಲ ಅನ್ಬಾರ್ದಿತ್ತು."

ಜನರ ಅಭಿಪ್ರಾಯ ಕೇಳುವ ಸಭೆ ಮೇ ತಿಂಗಳಲ್ಲಿ ಬನಶಂಕರಿಯ ಒಂದು ಕಲ್ಯಾಣ ಮಂಟಪದಲ್ಲಿ ನಡೆಯಿತು. ಹಿಂದಿನ ದಿನದ ಮದುವೆಯ ಚೆಂಡುಹೂ ಕಂಬಗಳಲ್ಲಿ ಇನ್ನೂ ಇದ್ದವು, ವೇದಿಕೆಯ ಹಿಂದೆ ವಧೂವರರ ಹೆಸರಿನ ಥರ್ಮೋಕೋಲ್ ಅಕ್ಷರಗಳು ಅರ್ಧ ಉಳಿದಿದ್ದವು. ನಮ್ಮ ಸಂಸ್ಥೆಯ ಹಿರಿಯರಾದ ಶ್ರೀಧರ್ ಸಾರ್ ಮತ್ತು ಇಬ್ಬರು ಅಧಿಕಾರಿಗಳು ವೇದಿಕೆಯ ಮೇಲೆ. ನಾನು ಪಕ್ಕದ ಚಿಕ್ಕ ಮೇಜಿನಲ್ಲಿ, ಜನ ಹೇಳಿದ್ದನ್ನು ಟೈಪ್ ಮಾಡಲು. ಅಪಾರ್ಟ್‌ಮೆಂಟಿನ ಒಬ್ಬರು ಎದ್ದು, "ಸಾರ್, ನಮ್ಮ ಬೇಸ್‌ಮೆಂಟಲ್ಲಿ ಮಳೆಗಾಲದಲ್ಲಿ ದೋಣಿ ಬಿಡ್ಬೋದು, ಅಲ್ಲಿ ಚಾರ್ಜಿಂಗ್ ಪಾಯಿಂಟ್ ಹಾಕು ಅಂತೀರಲ್ಲ, ನಮ್ಮನ್ನ ಸಾಯ್ಸೋಕಾ?" ಎಂದರು. ಸಭೆ ನಕ್ಕಿತು. ಆಮೇಲೆ ಹಿಂದಿನ ಸಾಲಿನಿಂದ ಗೌರಮ್ಮ ಆಂಟಿ ಎದ್ದರು.

ಅವರು ಬರುತ್ತಾರೆಂದು ನನಗೆ ತಿಳಿದಿರಲಿಲ್ಲ. ರೇಷ್ಮೆ ಸೀರೆ ಉಟ್ಟಿದ್ದರು, ಬಸ್ಸಿನಲ್ಲಿ ಬಂದಿದ್ದರು, ಮಹಿಳೆಯರ ಉಚಿತ ಟಿಕೆಟ್ಟು ಇನ್ನೂ ಅವರ ಬೆರಳ ಸಂದಿಯಲ್ಲಿತ್ತು. ಅವರು ನನ್ನ ಹೆಸರು ಕರೆದರೆ, ನಮ್ಮ ಮನೆಯ ಹುಡುಗಿ ಎಂದುಬಿಟ್ಟರೆ, ನಾನು ಮನೆಯವರಿಗೆ ಒಳಗಿನ ಮಾತು ಹೇಳಿ ಕರೆಸಿದ್ದೇನೆ ಎಂದು ಯಾರಾದರೂ ಭಾವಿಸಬಹುದಿತ್ತು. ಕೆಲಸಕ್ಕೆ ಸೇರಿ ಒಂದು ವರ್ಷವೂ ಆಗಿರಲಿಲ್ಲ.

"ಸಾರ್, ನಮ್ಮ ತಾರಸಿ ಖಾಲಿ ಅಂತ ನಿಮಗೆ ಹೇಳಿದ್ ಯಾರು?" ಎಂದರು. ಮೈಕು ಅವರ ಕೈಗೆ ಬರುವ ಮೊದಲೇ ದನಿ ಬಂದಿತ್ತು. "ಅಲ್ಲಿ ನಮ್ಮ ಬೀದಿ ಸಂಡಿಗೆ ಎಲ್ಲ ಒಣಗುತ್ತೆ. ಹಪ್ಪಳ ಒಣಗುತ್ತೆ. ಮೆಣಸಿನಕಾಯಿ ಒಣಗುತ್ತೆ. ನಾವು ನಿಮಗಿಂತ ಮೊದಲಿಂದ ಬಿಸಿಲಲ್ಲೇ ಕೆಲ್ಸ ಮಾಡ್ಕೊಂಡ್ ಬಂದೋರು. ಬಿಸಿಲು ನಿಮಗೂ ಬೇಕು, ಸರಿ. ನಂದು ಆರು ಸೀರೆ ತಾರಸಿ. ಎರಡು ಸೀರೆ ಕೊಡ್ತೀನಿ. ನಾಲ್ಕು ನಂಗೆ ಬಿಡಿ."

ಶ್ರೀಧರ್ ಸಾರ್ ಮುಗುಳ್ನಕ್ಕರು. "ತಾಯಿ, ಒಂದು ಸೀರೆ ಅಂದ್ರೆ ಎಷ್ಟು ಚದರ ಮೀಟರ್ ಅಂತ ಬರ್ಕೊಳ್ಳೋಣ?"

"ನಿಮ್ಮ ಮನೇಲಿ ಸೀರೆ ಇಲ್ವಾ ಸಾರ್? ಹೋಗಿ ಅಳೀರಿ."

ಸಭೆ ಗೊಳ್ಳೆಂದಿತು. ಸಾರ್ ಕೂಡ ಜೋರಾಗಿ ನಕ್ಕರು, ಅವರ ಪಕ್ಕದ ಅಧಿಕಾರಿ ತಮ್ಮ ತಾಯಿಯೂ ಹೀಗೇ ಎಂದು ಏನೋ ಹೇಳಿದರು. ಆಂಟಿ ನಗಲಿಲ್ಲ. ಅವರು ನನ್ನ ಮೇಜಿನ ಕಡೆ ತಿರುಗಿದರು. ಎಂದೂ ನೋಡದವರನ್ನು ನೋಡುವ ಹಾಗೆ ನೋಡಿದರು.

"ಮೇಡಂ, ಬರ್ಕೊಂಡ್ರಾ? ಸ್ವಲ್ಪ ಸರಿಯಾಗಿ ಬರ್ಕೊಳ್ಳಿ."

"ಬರ್ಕೊಂಡೆ ಅಮ್ಮ," ಎಂದೆ.

ಸಂಜೆ ನಾನು ಮನೆಗೆ ಬಂದಾಗ ಅವರು ಕಾಂಪೌಂಡಿನಲ್ಲಿ ಸೊಪ್ಪು ಬಿಡಿಸುತ್ತಿದ್ದರು. ಇಬ್ಬರೂ ಸಭೆಯ ಮಾತು ಎತ್ತಲಿಲ್ಲ. ಕೋಣೆಯ ಬಾಗಿಲ ಬಳಿ ಒಂದು ಸ್ಟೀಲ್ ಡಬ್ಬಿ ಇತ್ತು. ಒಳಗೆ ಆಗಷ್ಟೇ ಕರಿದ ಸಂಡಿಗೆ, ಇನ್ನೂ ಬಿಸಿ. ಆ ದಿನ ನನ್ನ ವರದಿಯಲ್ಲಿ ಒಂದು ಸಾಲು ಬರೆದೆ. ಮನೆಯವರು ಮನೆಗೆಲಸಕ್ಕೆ ರೂಢಿಯಿಂದ ಬಳಸುವ ತಾರಸಿಯ ಭಾಗವನ್ನು ಖಾಲಿ ಎಂದು ಎಣಿಸಬಾರದು. ಶ್ರೀಧರ್ ಸಾರ್ ಅದನ್ನು ಕರಡಿಗೆ ಸೇರಿಸಿದರು, ಒಂದಕ್ಷರವೂ ಬದಲಿಸದೆ. ಶಾಸನದ ಭಾಷೆಯಲ್ಲಿ ನಾನು ಬರೆದ ಮೊದಲ ವಾಕ್ಯ ಅದು.

ಮಳೆ ಬಂತು. ಸೀರೆಗಳು ಮಡಿಕೆಯಾಗಿ ಒಳಗೆ ಹೋದವು. ಕರಡು ಒಂದು ಸಮಿತಿಯಿಂದ ಇನ್ನೊಂದು ಸಮಿತಿಗೆ ಹೋಯಿತು. ಶಾಸನ ಎಂದು ಬರುತ್ತದೆಂದು ನಮ್ಮಲ್ಲಿ ಯಾರಿಗೂ ತಿಳಿಯಲಿಲ್ಲ. ನನ್ನ ಶೀಟಿನ ಮೇಲೆ ಮಳೆ ಬಿದ್ದರೆ ಫೋನಿನಲ್ಲಿ ಮಾತಾಡುವಂತಿರಲಿಲ್ಲ, ನನಗದು ಇಷ್ಟವಾಗುತ್ತಿತ್ತು. ಸೋರುವ ಜಾಗಕ್ಕೆ ಮಂಜಣ್ಣ ಬಂದು ಟಾರು ಹಚ್ಚಿ ಹೋದರು.

ಮಂಜಣ್ಣನಿಗೆ ಮಾತ್ರ ಸೋಲಾರ್ ಆಸೆ ಹೋಗಿರಲಿಲ್ಲ. ಕಾನೂನು ಬರಲಿ ಬಿಡಲಿ ನಾವೇ ಹಾಕಿಸೋಣ ಎಂದರು. ಪಾರಿಜಾತದ ಗಿಡದ ಮೇಲಿನ ವೈರು ಮಳೆಯಲ್ಲಿ ನೆನೆಯುತ್ತಿದ್ದುದನ್ನು ನೋಡಿ ಶೈಲಕ್ಕನಿಗೂ ಭಯ. ಗೇಟಿನ ಬಳಿ ಸರಿಯಾದ ಚಾರ್ಜಿಂಗ್ ಪಾಯಿಂಟು, ಮೇಲೆ ಪ್ಯಾನೆಲ್ಲು, ಎರಡೂ ಒಟ್ಟಿಗೆ ಎಂದು ತೀರ್ಮಾನವಾಯಿತು. ಆಂಟಿ ಬೇಡ ಎನ್ನಲಿಲ್ಲ. "ಎರಡು ಸೀರೆ ಅಂತ ಸಭೇಲೇ ಒಪ್ಕೊಂಡಿದೀನಿ," ಎಂದರು.

ದೀಪಾವಳಿ ಕಳೆದ ಮೇಲೆ ಸೋಲಾರ್ ಕಂಪನಿಯವರು ಬಂದು ನೋಡಿ ಹೋದರು. ತೊಂದರೆ ನನ್ನ ಕೋಣೆಯದು. ಅದರ ನೆರಳು ಬಿದ್ದರೆ ಪ್ಯಾನೆಲ್ಲು ಕೆಲಸ ಮಾಡುವುದಿಲ್ಲ, ಅದರ ತಗಡು ಪ್ಯಾನೆಲ್ಲಿನ ಭಾರ ತಡೆಯುವುದಿಲ್ಲ. ಕೋಣೆ ತೆಗೆದರೆ ಅಂಚಿನಲ್ಲೇ ಪ್ಯಾನೆಲ್ಲು ಸಾಲಾಗಿ ಕೂರುತ್ತದೆ. ಕೋಣೆ ಇದ್ದರೆ ತಾರಸಿಯ ನಡುವಿನ ಬಿಸಿಲೆಲ್ಲ ಪ್ಯಾನೆಲ್ಲಿಗೇ ಬೇಕು.

ಇದನ್ನು ನನಗೆ ಯಾರೂ ಹೇಳಲಿಲ್ಲ. ಒಂದು ಸಂಜೆ ಮೆಟ್ಟಿಲು ಹತ್ತುವಾಗ ಅಡುಗೆಮನೆಯಿಂದ ಮಾತು ಕೇಳಿಸಿತು.

"ರೂಮ್ ತೆಗೆದ್ರೆ ನಿಂಗೆ ನಾಲ್ಕು ಸೀರೆ ಉಳಿಯುತ್ತಮ್ಮ. ಇಲ್ದಿದ್ರೆ ಒಂದೂ ಉಳಿಯಲ್ಲ," ಎನ್ನುತ್ತಿದ್ದರು ಮಂಜಣ್ಣ.

"ರೂಮಲ್ಲಿ ಹುಡುಗಿ ಇದೆಯಲ್ಲೋ."

"ಅವ್ರು ಬೇರೆ ಕಡೆ ನೋಡ್ಕೋತಾರೆ. ಕೆಲ್ಸದಲ್ಲಿರೋರು. ಬೇಕಾದ್ರೆ ಎರಡು ತಿಂಗಳು ಟೈಮ್ ಕೊಡೋಣ."

ಪಾತ್ರೆ ಕೆಳಗಿಟ್ಟ ಸದ್ದು.

"ರೂಮ್ ಇರ್ಲಿ," ಎಂದರು ಆಂಟಿ. "ಸಂಡಿಗೆ ಅಂಗಡೀಲೂ ಸಿಗುತ್ತೆ."

ನಾನು ಮೆಟ್ಟಿಲ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದೆ. ಸದ್ದಾಗದ ಹಾಗೆ ಮೇಲೆ ಹೋದೆ. ಕೋಣೆ ಬಿಡುವುದು ಸುಲಭವಾಗಿತ್ತು. ಬಿಡಬೇಕು ಎಂದು ಅಂದುಕೊಂಡೆ ಕೂಡ. ಬನಶಂಕರಿಯಲ್ಲಿ ಎರಡು ಪಿ.ಜಿ.ಗಳನ್ನು ನೋಡಿ ಬಂದೆ. ಆದರೆ ಹೋಗುತ್ತೇನೆ ಎಂದರೆ ನಾನು ಕೇಳಿಸಿಕೊಂಡದ್ದು ಅವರಿಗೆ ತಿಳಿಯುತ್ತಿತ್ತು. ಅವರು ಕೊಟ್ಟದ್ದನ್ನು ವಾಪಸು ಕೊಟ್ಟಂತೆ ಆಗುತ್ತಿತ್ತು. ನನಗೆ ಹೋಗಲು ಮನಸ್ಸೂ ಇರಲಿಲ್ಲ. ಇದನ್ನು ಒಪ್ಪಿಕೊಳ್ಳಲು ಹಲವು ದಿನ ಬೇಕಾಯಿತು.

ಸಂಕ್ರಾಂತಿಯ ನಂತರ ಪ್ಯಾನೆಲ್ಲುಗಳು ಬಂದವು. ನೀಲಿ ಕಪ್ಪು ಬಣ್ಣದ ಆ ಸಾಲು ನಿಜವಾಗಿಯೂ ಚೆನ್ನಾಗಿತ್ತು. ಮೊದಲ ದಿನ ಮೀಟರು ಓಡುವುದನ್ನು ನೋಡಲು ಎಲ್ಲರೂ ಕೆಳಗಿಳಿದೆವು. ಶೈಲಕ್ಕ ಗೇಟಿನ ಬಳಿ ಸ್ಕೂಟರಿಗೆ ಹೊಸ ಪ್ಲಗ್ಗು ಸಿಕ್ಕಿಸಿ ಅರಿಶಿನ ಕುಂಕುಮ ಇಟ್ಟರು. ಆಂಟಿ ಮೇಲೆ ನೋಡಿ, "ನಮ್ ಸಂಡಿಗೆ ಬಿಸಿಲು ಕುಡ್ಕೊಂಡು ಓಡುತ್ತೆ ಈ ಗಾಡಿ, ಹುಷಾರು," ಎಂದರು. ಎಲ್ಲರೂ ನಕ್ಕರು, ಅವರೂ ನಕ್ಕರು.

ಶಿವರಾತ್ರಿ ಕಳೆಯಿತು. ಬಿಸಿಲು ಗಟ್ಟಿಯಾಯಿತು. ಒಂದು ಭಾನುವಾರ ಬೆಳಿಗ್ಗೆ ತಾರಸಿಗೆ ಯಾರೂ ಬರಲಿಲ್ಲ. ಮಧ್ಯಾಹ್ನದ ಊಟಕ್ಕೆ ತಟ್ಟೆಯಲ್ಲಿ ಸಂಡಿಗೆ ಇತ್ತು, ಎಲ್ಲವೂ ಒಂದೇ ಗಾತ್ರ, ಒಂದೇ ಬಿಳುಪು. ಅಂಗಡಿಯದು. ಆಂಟಿ ತಮ್ಮ ತಟ್ಟೆಗೆ ಹಾಕಿಕೊಳ್ಳಲಿಲ್ಲ. ನಾನು ತಿಂದೆ.

ಊಟ ಮುಗಿಸಿ ಮೇಲೆ ಬಂದು ಪೆಟ್ಟಿಗೆ ತೆರೆದೆ. ನನ್ನ ಬಳಿ ಇದ್ದದ್ದು ಒಂದೇ ಸೀರೆ, ಘಟಿಕೋತ್ಸವಕ್ಕೆಂದು ಅಮ್ಮ ಕೊಡಿಸಿದ್ದು. ಸ್ಟೂಲು ಹತ್ತಿ ಅದನ್ನು ನನ್ನ ಶೀಟಿನ ಮೇಲೆ ಹಾಸಿ ನೋಡಿದೆ. ಉದ್ದಕ್ಕೆ ಹಾಸಲಿಲ್ಲ, ಮಡಿಸಿ ಎರಡು ಪಟ್ಟಿಯಾಗಿ ಪಕ್ಕಪಕ್ಕ. ಸರಿಯಾಗಿ ಹಿಡಿಯಿತು. ತಗಡು ಕೈ ಸುಡುವಷ್ಟು ಕಾದಿತ್ತು. ನಾನು ಅಷ್ಟು ದಿನ ಆ ಬಿಸಿಲಿನ ಕೆಳಗೆ ಮಲಗಿ, ಸೆಕೆ ಎಂದು ಗೊಣಗಿಕೊಂಡಿದ್ದೆ.

ಕೆಳಗಿಳಿದು ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತೆ. "ಆಂಟಿ, ನನ್ನ ಶೀಟ್ ಮೇಲೆ ಒಂದು ಸೀರೆ ಹಿಡಿಯುತ್ತೆ."

ಅವರು ಅರ್ಥವಾಗದವರಂತೆ ನೋಡಿದರು. "ಯಾವ ಶೀಟು?"

"ನನ್ನ ರೂಮಿಂದು. ಅಳೆದೆ."

"ಯಾವ್ದ್ರಲ್ಲಿ ಅಳೆದೆ?"

"ಸೀರೇಲಿ."

ಅವರು ಒಲೆಯ ಕಡೆ ತಿರುಗಿಕೊಂಡರು. ಒಲೆ ಆರಿತ್ತು. ಆದರೂ ಅದರ ಮೇಲಿನ ಪಾತ್ರೆ ಸರಿಸಿ, "ಶೀಟು ಏರುಪೇರಿದೆ. ಸಂಡಿಗೆ ಅಂಕುಡೊಂಕಾಗುತ್ತೆ," ಎಂದರು.

"ಆದ್ರೆ ಆಗ್ಲಿ ಆಂಟಿ."

"ನೀನು ಒಳಗೆ ಮಲ್ಗಿರ್ತೀಯ. ಕಾಗೆ ಬರುತ್ತೆ."

"ಒಳಗಿಂದ ಕುಟ್ತೀನಿ."

ಮುಂದಿನ ಭಾನುವಾರ ಶೈಲಕ್ಕ ಸ್ಟೂಲಿನ ಮೇಲೆ ನಿಂತು ಶೀಟಿನ ಮೇಲೆ ಹಳೆಯ ಹಸಿರು ಸೀರೆ ಹಾಸಿದರು. ಆಂಟಿ ಕೆಳಗಿನಿಂದ ಚಮಚಕ್ಕೆ ಹಿಟ್ಟು ತುಂಬಿ ಕೊಟ್ಟು, "ಅಷ್ಟು ದಪ್ಪ ಬೇಡ ಕಣೇ, ಅದೇನು ದೋಸೆನಾ?" ಎಂದು ಬೈಯುತ್ತಿದ್ದರು. ತಗಡಿನ ಕಾವಿಗೆ ಸಂಡಿಗೆ ಒಂದೇ ದಿನಕ್ಕೆ ಒಣಗಿತು. ಆದರೆ ಶೀಟಿನ ಏರಿಳಿತವನ್ನೆಲ್ಲ ಹಿಡಿದುಕೊಂಡು, ಅಲೆಅಲೆಯಾಗಿ. ಕರಿದರೆ ಇನ್ನೂ ಮುದುರುತ್ತಿತ್ತು. ಬೀದಿಯ ಹೆಂಗಸರು ಒಂದನ್ನು ಎತ್ತಿ ಹಿಡಿದು, "ಗೌರಕ್ಕ, ಇದ್ಯಾಕೆ ಕುಣೀತಿದೆ?" ಎಂದರು. "ಲಾಯರಮ್ಮನ ತಲೆ ಮೇಲೆ ಒಣಗಿದ್ದು, ನೆಟ್ಟಗೆ ಹೆಂಗಿರುತ್ತೆ?" ಎಂದರು ಆಂಟಿ.

ಆ ಬೇಸಿಗೆಯ ಭಾನುವಾರಗಳಲ್ಲಿ ನಾನು ಮಂಚದ ಮೇಲೆ ಮಲಗಿ ಓದುತ್ತಿದ್ದೆ. ಪಕ್ಕದಲ್ಲಿ ಪೊರಕೆ. ತಗಡಿನ ಮೇಲೆ ಮೊದಲು ಒಂದು ಧಪ್ ಎಂಬ ಸದ್ದು, ಆಮೇಲೆ ಉಗುರಿನ ಟಿಕ್ ಟಿಕ್. ಕಾಗೆ ಎಲ್ಲಿದೆ, ಯಾವ ಕಡೆಗೆ ಹೆಜ್ಜೆ ಇಡುತ್ತಿದೆ ಎಂದು ಮಲಗಿದಲ್ಲೇ ತಿಳಿಯುತ್ತಿತ್ತು. ಪೊರಕೆಯ ಹಿಡಿಯಿಂದ ಸರಿಯಾಗಿ ಅದರ ಕಾಲಡಿಗೆ ಕುಟ್ಟುತ್ತಿದ್ದೆ. ರೆಕ್ಕೆಯ ಸದ್ದು ಕೇಳಿಸುತ್ತಿತ್ತು. ಕೆಳಗಿನಿಂದ ಆಂಟಿಯ ದನಿ: "ಹೋಯ್ತಾ?"

"ಹೋಯ್ತು ಆಂಟಿ."

ಆ ಮಳೆಗಾಲ ನನಗೆ ಬೇರೆ ಕೆಲಸ ಸಿಕ್ಕಿತು. ಈಗ ಗಿರಿನಗರದಲ್ಲಿದ್ದೇನೆ, ಕಾಂಕ್ರೀಟಿನ ಸೂರಿನ ಕೆಳಗೆ. ಕರಡು ಇನ್ನೂ ಶಾಸನವಾಗಿಲ್ಲ. ಒಮ್ಮೊಮ್ಮೆ ಅದರ ಹೊಸ ಪ್ರತಿ ಕಣ್ಣಿಗೆ ಬೀಳುತ್ತದೆ. ಎಷ್ಟೋ ಕಲಮುಗಳು ಹೋಗಿವೆ, ಬಂದಿವೆ. ನಾನು ಮೊದಲು ನೋಡುವುದು ಆ ಒಂದು ಸಾಲನ್ನು. ಇದುವರೆಗೆ ಅದು ಅಲ್ಲೇ ಇದೆ.

ಕಳೆದ ವಾರ ರೈಲಿನಿಂದ ಕಂಡದ್ದು ಆ ತಗಡಿನ ಶೀಟೇ. ಸುತ್ತ ನೀಲಿ ಪ್ಯಾನೆಲ್ಲು, ನಡುವೆ ಹಸಿರು ಸೀರೆ, ಎರಡು ಪಟ್ಟಿಯಾಗಿ. ತಾರಸಿಯ ಮೇಲೆ ಯಾರೂ ಇರಲಿಲ್ಲ. ಬಾಗಿಲು ಮುಚ್ಚಿತ್ತು. ಕೋಣೆಯಲ್ಲಿ ಈಗ ಯಾರಿದ್ದಾರೋ ನನಗೆ ಗೊತ್ತಿಲ್ಲ. ರೈಲು ನಿಧಾನವಾಗುತ್ತಿದ್ದಾಗ ಒಂದು ಕಾಗೆ ಬಂದು ಸೀರೆಯ ಅಂಚಿನಲ್ಲಿ ಕೂತಿತು. ಒಂದೆರಡು ಹೆಜ್ಜೆ ಇಟ್ಟಿತು, ಕತ್ತು ಬಗ್ಗಿಸಿತು. ಮರುಕ್ಷಣ, ಹತ್ತಿರದಲ್ಲಿ ಯಾರೂ ಇಲ್ಲದೆಯೂ, ಬೆಚ್ಚಿಬಿದ್ದು ಹಾರಿಹೋಯಿತು.

ಒಳಗಿನಿಂದ ಯಾರೋ ಕುಟ್ಟಿದ್ದರು.